ತೊಳೆದರೆ ಬಣ್ಣ ಬಿಡುವ ‘ಲ್ಯಾಪಿಸ್’, ಪಾಲಿಶ್ ಮಾಡಿಸಲೋ ಬೇಡವೋ ಅಂತ ಕೂತಿರುವ ವಾಘೋಲಿ ಕಲ್ಲು

ಕೋಥ್ರೂಡ್_ಕಾವೇರಿ:
ಎಲ್ಲರಿಗೂ ನಮಸ್ಕಾರ. ಈ ವೇದಿಕೆಯಲ್ಲಿ ದಿನಾ ಬರೋ ಬಾಡಿಗೆ ಮನೆ, ಊರಿನ ಬಸ್ಸು, ಅಡುಗೆಯವರು ಬೇಕಾಗಿದ್ದಾರೆ, ಇವು ಬಿಟ್ಟು ಬೇರೆ ವಿಷಯ ಕೇಳ್ತಿದ್ದೀನಿ. ಬೈಬೇಡಿ.

ಪುಣೆಯ ನಮ್ಮ ಹೊಸ ಮನೆಯ ಹಾಲ್‌ನಲ್ಲಿ ಟಿವಿ ಪಕ್ಕ ಒಂದು ಗಾಜಿನ ಕಪಾಟು ಖಾಲಿ ಇದೆ. ಅದರಲ್ಲಿ ಬರೀ ನೀಲಿ ಕಲ್ಲುಗಳನ್ನೇ ಜೋಡಿಸಬೇಕು ಅನ್ನೋದು ನನ್ನ ಹುಚ್ಚು. ಹೋದ ಭಾನುವಾರ ಇಲ್ಲೇ ಒಂದು ಎಕ್ಸಿಬಿಷನ್‌ಗೆ ಹೋಗಿ ಐದು ತಗೊಂಡೆ. ಎಲ್ಲಾ ಕನ್ನಡಿ ಥರ ಪಾಲಿಶ್ ಆಗಿರೋವು. ಒಂದು ಗೋಳ (ಅಫ್ಘಾನಿಸ್ತಾನದ ಲ್ಯಾಪಿಸ್ ಲಾಜುಲಿ ಅಂದ), ಒಂದು ಮೊಟ್ಟೆ (ಟರ್ಕಾಯ್ಸ್, ಮೈಮೇಲೆ ಕಪ್ಪು ಬಲೆ ಥರ ಗೆರೆ), ಹೃದಯದ ಆಕಾರದ ಒಂದು ಸೋಡಲೈಟ್, ಚೂಪು ತುದಿಯ ಒಂದು ಲ್ಯಾಬ್ರಡೊರೈಟ್, ಮತ್ತೆ ತೆಳ್ಳಗೆ ಕೊಯ್ದ ಅಗೇಟ್ ಬಿಲ್ಲೆ. ಚೌಕಾಸಿ ಮಾಡಿ ಐದಕ್ಕೂ ಸೇರಿ 4,800ಕ್ಕೆ ಇಳಿಸಿದೆ ಅಂತ ಮನೆಯವರ ಮುಂದೆ ಬೀಗಿದ್ದೂ ಆಯ್ತು.

ಮನೆಗೆ ತಂದು ಗೋಳಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದೆ. ನೀರು ಶಾಯಿ ಬಾಟಲಿ ಚೆಲ್ಲಿದ ಹಾಗಾಯ್ತು. ಸ್ಟೀಲ್ ಬಟ್ಟಲಿನ ಅಂಚಲ್ಲಿ ನೀಲಿ ಗೆರೆ ಈಗಲೂ ಇದೆ. ನಿಜವಾದ ಕಲ್ಲು ಮೊದಲ ಸಲ ಸ್ವಲ್ಪ ಬಣ್ಣ ಬಿಡತ್ತಾ? ರೇಷ್ಮೆ ಸೀರೆ ಬಿಡಲ್ವಾ, ಹಾಗೆ?

ಇನ್ನೊಂದು. ಈ ಮನೆಯ ಹಳೇ ಮಾಲೀಕರು ಅಟ್ಟದ ಮೇಲೆ ಒಂದು ಶೂ ಡಬ್ಬ ಬಿಟ್ಟು ಹೋಗಿದ್ದಾರೆ. ಒಳಗೆ ಪೇಪರ್ ಸುತ್ತಿದ ಬೂದು ಕಲ್ಲು, ಮುಷ್ಟಿಗಿಂತ ದೊಡ್ಡದು. ಅದರ ಗುಳಿಯಲ್ಲಿ ಬಿಳಿ ಹರಳುಗಳು, ಆ ಹರಳಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ನಾಲ್ಕು ನೀಲಿ ಉಂಡೆ. ಎಂಥಾ ನೀಲಿ ಅಂತೀರಿ, ನವಿಲಿನ ಕತ್ತಿನದ್ದು. ಪೇಪರ್ ಮೇಲೆ ಪೆನ್ಸಿಲ್‌ನಲ್ಲಿ ಮರಾಠಿಯಲ್ಲಿ ‘ವಾಘೋಲಿ’ ಅಂತ ಬರೆದಿದೆ, ಇಲ್ಲೇ ಪುಣೆ ಪಕ್ಕದ ಊರು. ಫೋಟೋ ತೋರಿಸಿದ್ದಕ್ಕೆ ಅದೇ ಅಂಗಡಿಯವನು ‘ತಂದುಕೊಡಿ, 600 ರೂಪಾಯಿಗೆ ಪಾಲಿಶ್ ಮಾಡಿ ಫಳಫಳ ಅನ್ನಿಸ್ತೀನಿ’ ಅಂದ. ಕೊಡಲಾ?

ಲೋಕಲ್_ಟ್ರೇನ್_ಲಿಂಗಣ್ಣ:
ಮೇಡಂ, ಬಣ್ಣ ಬಿಟ್ಟಿದ್ದು ಕಲ್ಲಲ್ಲ, ನಿಮ್ಮ 4,800.

ಕಲ್ಲುಹುಚ್ಚ:
ಬೇರೆ ಎಲ್ಲಾ ಆಮೇಲೆ. ಮೊದಲು ಎರಡನೇ ಪ್ರಶ್ನೆಗೆ ಉತ್ತರ: ಕೊಡಬೇಡಿ. ಕೊಡಬೇಡಿ. ಕೊಡಬೇಡಿ.

ಅದು ಕ್ಯಾವನ್ಸೈಟ್. ಪುಣೆಯಲ್ಲಿ ಕೂತು ನೀಲಿ ಕಲ್ಲು ಬೇಕು ಅಂತ ಅಫ್ಘಾನಿಸ್ತಾನಕ್ಕೆ ಕೈ ಚಾಚಿದ್ದೀರಿ, ಜಗತ್ತಿನ ಕಲ್ಲುಹುಚ್ಚರೆಲ್ಲಾ ಬಾಯಿ ಬಿಟ್ಟುಕೊಂಡು ನೋಡೋ ನೀಲಿ ನಿಮ್ಮ ಅಟ್ಟದ ಮೇಲಿತ್ತು. ಹೆಸರಲ್ಲೇ ಜಾತಕ ಇದೆ: ಕ್ಯಾಲ್ಸಿಯಂನ ‘ಕ್ಯಾ’, ವನೇಡಿಯಂನ ‘ವನ್’, ಸಿಲಿಕಾನ್‌ನ ‘ಸೈ’. ಮೊದಲು ಸಿಕ್ಕಿದ್ದು ಅಮೆರಿಕದ ಒರೆಗಾನ್‌ನಲ್ಲಿ, 1973ರಲ್ಲಿ ಹೆಸರಿಟ್ಟು ದಾಖಲಿಸಿದರು. ಅಲ್ಲಿ ಸಿಕ್ಕಿದ್ದು ಚಿಟಿಕೆಯಷ್ಟು. 1980ರ ದಶಕದ ಕೊನೆಯಲ್ಲಿ ವಾಘೋಲಿ ಕ್ವಾರಿಗಳಲ್ಲಿ ಕಾಣಿಸಿಕೊಂಡ ಮೇಲೆ ಇದರ ಕಥೆಯೇ ಬದಲಾಯ್ತು. ಇವತ್ತು ಹೊರದೇಶದ ಮ್ಯೂಸಿಯಂನಲ್ಲಿ ಒಳ್ಳೇ ಕ್ಯಾವನ್ಸೈಟ್ ಕಂಡರೆ ಕೆಳಗಿನ ಚೀಟಿಯಲ್ಲಿ ‘ವಾಘೋಲಿ, ಪುಣೆ’ ಅಂತ ಇರೋದೇ ಹೆಚ್ಚು.

ಪಾಲಿಶ್ ಯಾಕೆ ಬೇಡ ಅಂದ್ರೆ, ಆ ಉಂಡೆ ಒಂದು ಗಟ್ಟಿ ಕಲ್ಲಲ್ಲ. ಕದಂಬದ ಹೂವು ನೋಡಿದ್ದೀರಲ್ಲ? ನಡುವಿನಿಂದ ಸುತ್ತಲೂ ಸಣ್ಣ ಸಣ್ಣ ಕಡ್ಡಿ ಎದ್ದು ನಿಂತಿರತ್ತೆ. ಇದೂ ಹಾಗೇ, ಸೂಜಿಯಂಥ ಹರಳುಗಳ ಕಂತೆ. ಗಡಸುತನ, ವಜ್ರಕ್ಕೆ 10 ಅನ್ನೋ ಅಳತೆಯಲ್ಲಿ, 3ರಿಂದ 4ರ ಒಳಗೆ. ಸಾಣೆಗೆ ಮುಟ್ಟಿಸಿದರೆ ಕದಂಬವನ್ನ ಮಿಕ್ಸಿಗೆ ಹಾಕಿದ ಹಾಗೆ.

ಸಾಣೆಕಲ್ಲು:
ಭೋಸರಿಯಲ್ಲಿ ಮೆಷಿನ್ ಶಾಪ್ ಇಟ್ಟಿದ್ದೀನಿ, ಹವ್ಯಾಸಕ್ಕೆ ಕಲ್ಲು ಪಾಲಿಶ್ ಮಾಡ್ತೀನಿ. ಕ್ಯಾವನ್ಸೈಟ್ ವಿಷಯದಲ್ಲಿ ಕಲ್ಲುಹುಚ್ಚರ ಮಾತು ನೂರಕ್ಕೆ ನೂರು ಸರಿ. ಆದರೆ ಈ ವೇದಿಕೆಯಲ್ಲಿ ‘ಪಾಲಿಶ್’ ಅಂದ ಕೂಡಲೇ ಅದೇನೋ ಮೋಸದ ಕೆಲಸ ಅನ್ನೋ ಹಾಗೆ ಮಾತಾಡೋರು ಜಾಸ್ತಿಯಾಗಿದ್ದಾರೆ. ಲ್ಯಾಬ್ರಡೊರೈಟ್ ಪಾಲಿಶ್ ಮಾಡದೇ ಇಟ್ಟರೆ ಜಲ್ಲಿಕಲ್ಲಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಅದರ ನೀಲಿ ಬಣ್ಣದ್ದಲ್ಲ, ಒಳಗಿನ ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳ ಮೇಲೆ ಬೆಳಕು ಬಿದ್ದು ಹುಟ್ಟೋದು. ಮೈ ನುಣುಪಾಗಿದ್ದರಷ್ಟೇ, ಅದೂ ಸರಿಯಾದ ಕೋನದಲ್ಲಿ ಕೊಯ್ದಿದ್ದರಷ್ಟೇ ಮಿಂಚತ್ತೆ. ಕೊಯ್ಯೋ ಮೊದಲು ಒದ್ದೆ ಮಾಡಿ, ಟಾರ್ಚ್ ಹಿಡಿದು ಅರ್ಧ ಗಂಟೆ ತಿರುಗಿಸ್ತಾ ಕೂರ್ತೀನಿ ನಾನು. ಹತ್ತು ಡಿಗ್ರಿ ತಪ್ಪಿದರೂ ಕಲ್ಲು ಕುರುಡು.

ಕಾವೇರಿ ಮೇಡಂ, ನಿಮ್ಮ ಚೂಪು ತುದಿಯ ಕಲ್ಲನ್ನ ಕಿಟಕಿ ಹತ್ತಿರ ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಬೂದು, ಸ್ವಲ್ಪ ಓರೆ ಮಾಡಿದ್ರೆ ಫಕ್ಕಂತ ನೀಲಿ, ಮತ್ತೆ ಬೂದು. ಹಾಗಿದ್ದರೆ ಅದು ಅಸಲಿ. ಅದನ್ನ ನಕಲು ಮಾಡೋದು ಕಷ್ಟ.

ಕೋಥ್ರೂಡ್_ಕಾವೇರಿ:
ಹೌದು ಹೌದು, ಹಾಗೇ ಆಗತ್ತೆ! ನಮ್ಮ ಪಾಪು ಅದಕ್ಕೆ ‘ಲೈಟ್ ಕಲ್ಲು’ ಅಂತ ಹೆಸರಿಟ್ಟಿದ್ದಾಳೆ. ಒಂದಾದರೂ ಉಳೀತಲ್ಲ.

ಪಿಂಪ್ರಿ_ಪ್ರಸನ್ನ:
ನಮ್ಮ ಅಡುಗೆಮನೆ ಕಟ್ಟೆಗೆ ‘ಬ್ಲೂ ಪರ್ಲ್’ ಗ್ರಾನೈಟ್ ಹಾಕಿಸಿದ್ದೀವಿ. ಅದರಲ್ಲೂ ಹೀಗೇ ನೀಲಿ ಮಿಂಚು ಬರತ್ತೆ. ಅದೂ ಇದೇನಾ? ಹಾಗಾದರೆ ನಾನು ಸಂಗ್ರಹಕಾರ, ದಿನಾ ಸಂಗ್ರಹದ ಮೇಲೆ ಈರುಳ್ಳಿ ಹೆಚ್ಚುತ್ತೀನಿ.

ಸಾಣೆಕಲ್ಲು:
@ಪ್ರಸನ್ನ, ಹತ್ತಿರದ ನೆಂಟ. ಅದು ಗ್ರಾನೈಟೇ ಅಲ್ಲ, ಲಾರ್ವಿಕೈಟ್, ನಾರ್ವೆಯ ಲಾರ್ವಿಕ್ ಅನ್ನೋ ಊರಿನ ಹೆಸರು. ಮಿಂಚೋದು ಅದರೊಳಗಿನ ಫೆಲ್ಡ್‌ಸ್ಪಾರ್ ಅನ್ನೋ ಖನಿಜ. ಲ್ಯಾಬ್ರಡೊರೈಟೂ ಫೆಲ್ಡ್‌ಸ್ಪಾರೇ.

ಕೆಜಿಎಫ್_ಅಂಕಲ್:
ಮಗಳೇ ಕಾವೇರಿ, ರೇಷ್ಮೆ ಸೀರೆ ಹೋಲಿಕೆ ಚೆನ್ನಾಗಿತ್ತು, ಆದರೆ ಕಲ್ಲಿಗೆ ನಡೆಯಲ್ಲ. ಲ್ಯಾಪಿಸ್‌ನ ನೀಲಿ ಅದರ ಮೂಳೆಯಲ್ಲೇ ಇರೋದು, ಲಾಜುರೈಟ್ ಅನ್ನೋ ಖನಿಜದ ಒಳಗೆ ಸಿಕ್ಕಿಕೊಂಡ ಗಂಧಕದಿಂದ ಬಂದಿದ್ದು. ಸಾಬೂನು ನೀರಿಗೆ ಅದು ಬಿಡಲ್ಲ. ಬಿಟ್ಟರೆ ಯಾರೋ ಹಚ್ಚಿದ ಬಣ್ಣ ಅಂತಲೇ ಅರ್ಥ. ಕೆಲವೊಮ್ಮೆ ಕಳಪೆ ಲ್ಯಾಪಿಸ್‌ಗೇ ಬಣ್ಣ ತುಂಬಿ ಕಡು ಮಾಡೋದೂ ಉಂಟು. ಹಾಗಾಗಿ ಬಣ್ಣ ಬಿಟ್ಟಿತು ಅಂದ ಮಾತ್ರಕ್ಕೆ ಒಳಗಿರೋದು ಏನು ಅಂತ ತೀರ್ಮಾನ ಮಾಡೋ ಹಾಗಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕೋಲಾರದ ಗಣಿಯಲ್ಲಿ ಇದ್ದಾಗ ಹಿರಿಯರು ಕಲಿಸಿದ್ದು, ಆಗ ತಕ್ಕಡಿ, ಈಗ ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ ಸಾಕು. ಮೊದಲು ಕಲ್ಲನ್ನ ಹಾಗೇ ತೂಕ ಮಾಡು. ಆಮೇಲೆ ಯಂತ್ರದ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡು. ಕಲ್ಲಿಗೆ ದಾರ ಕಟ್ಟಿ, ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿ, ತಳಕ್ಕಾಗಲಿ ಬದಿಗಾಗಲಿ ತಾಗಬಾರದು. ಆಗ ಯಂತ್ರ ಏನು ತೋರಿಸತ್ತೋ ಅದು ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲನೇ ಅಂಕಿಯನ್ನ ಎರಡನೇದರಿಂದ ಭಾಗಿಸು, ಬರೋದು ಸಾಂದ್ರತೆ, ಅಂದರೆ ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಅಂತ. ನನ್ನ ಹತ್ತಿರದ ಲ್ಯಾಪಿಸ್ 412 ಗ್ರಾಂ, ನೀರಲ್ಲಿ 148, ಅಂದರೆ 2.78. ಲ್ಯಾಪಿಸ್ ಸಾಮಾನ್ಯವಾಗಿ 2.7ರಿಂದ 2.9. ಸೋಡಲೈಟ್ 2.3ರ ಆಸುಪಾಸು, ಕೈಯಲ್ಲಿ ಹಿಡಿದರೇ ಹಗುರ. ಅಜುರೈಟ್ ಅನ್ನೋ ಇನ್ನೊಂದು ನೀಲಿ ಕಲ್ಲಾದರೆ 3.7 ದಾಟತ್ತೆ, ತಾಮ್ರ ಇರೋದರಿಂದ.

ಶಿರಸಿ_ಅಡಿಕೆ:
ನೀಲಿ ಕಲ್ಲು ಅಂದ್ರೆ ನನ್ನ ಮರ್ಯಾದೆ ಹೋದ ಕಥೆ ಹೇಳ್ಲೇಬೇಕು. ಹಿಂಜೆವಾಡಿಲಿ ಕೆಲಸಕ್ಕೆ ಸೇರಿದ ಹೊಸತು. ರಸ್ತೆ ಬದಿಯಲ್ಲಿ ಒಬ್ಬ ಗಾಜಿನಂಥ ಕಡುನೀಲಿ ಹರಳಿನ ಗೊಂಚಲು ಮಾರ್ತಿದ್ದ, ‘ಹಿಮಾಲಯದ ಅಪರೂಪದ ಕ್ರಿಸ್ಟಲ್’ ಅಂದ. 1,200 ಕೊಟ್ಟು ತಗಂಡಿ. ಹಬ್ಬಕ್ಕೆ ಊರಿಗೆ ಹೋಗುವಾಗ ಹತ್ತಿಯಲ್ಲಿ ಸುತ್ತಿ, ಮಗುವನ್ನ ಎತ್ತಿಕೊಂಡ ಹಾಗೆ ಬಸ್ಸಲ್ಲಿ ತೊಡೆ ಮೇಲೇ ಇಟ್ಟುಕೊಂಡು ಹೋದೆ.

ಆಯಿ ಕನ್ನಡಕ ಏರಿಸಿ ನೋಡಿ, ‘ಥೋ ತಮಾ, ಇದು ಮೈಲುತುತ್ತ. ನಮ್ಮನೆ ಕೊಟ್ಟಿಗೆ ಅಟ್ಟದಲ್ಲಿ ಒಂದು ಚೀಲ ಇದ್ದು’ ಅಂದಳು. ಅಡಿಕೆಯ ಕೊಳೆ ರೋಗದ ಔಷಧಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ಸಣ್ಣವನಿದ್ದಾಗಿಂದ ಕಲಸಿದವ ನಾನು. ಅದೇ ಮೈಲುತುತ್ತವನ್ನ ಪುಣೆಯಲ್ಲಿ ಗುರುತು ಹಿಡಿಯಲಿಲ್ಲೆ. ಅಪ್ಪಯ್ಯ ಆ ವರ್ಷ ಪೂರ್ತಿ ಬಂದ ನೆಂಟರಿಗೆಲ್ಲ ಇದೇ ಕಥೆ.

ಕಲ್ಲುಹುಚ್ಚ:
ಹಹಹ! ಇದು ಜಗತ್ತಿನಾದ್ಯಂತ ನಡೆಯೋ ವಿದ್ಯೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದು ನೈಸರ್ಗಿಕವಾಗೂ ಸಿಗತ್ತೆ, ಚಾಲ್ಕಂಥೈಟ್ ಅಂತಾರೆ. ಆದರೆ ಅಂಗಡಿಯಲ್ಲಿ ಕಾಣೋ ದೊಡ್ಡ ದೊಡ್ಡ ಹರಳು ಬಹುಪಾಲು ಬಕೆಟ್‌ನಲ್ಲಿ ಬೆಳೆಸಿದ್ದು. ನೀರಲ್ಲಿ ಕರಗತ್ತೆ, ಗಾಳಿ ಒಣಗಿದ್ದರೆ ಮೈಮೇಲೆ ಬಿಳಿ ಪುಡಿ ಕಟ್ಟತ್ತೆ. ಮಕ್ಕಳಿರೋ ಮನೆಯಲ್ಲಿ ಇಡಬೇಡಿ, ಅದು ವಿಷ.

ಪಾಷಾಣ್_ನಿವಾಸಿ:
ವಿಷ ಅಂದಿದ್ದಕ್ಕೆ ನೆನಪಾಯ್ತು. ನಾನು ಮನೆ ತಗೊಂಡಿದ್ದು ಪುಣೆಯ ಪಾಷಾಣ್‌ನಲ್ಲಿ. ‘ಅಮ್ಮ, ಪಾಷಾಣದಲ್ಲಿ ಮನೆ ಆಯ್ತು’ ಅಂತ ಫೋನಲ್ಲಿ ಹೇಳಿದ್ದಕ್ಕೆ ಮೈಸೂರಲ್ಲಿ ಅಮ್ಮ ಅಳೋಕೇ ಶುರು ಮಾಡಿದ್ರು. ಪಾಷಾಣ ಅಂದ್ರೆ ಕಲ್ಲೂ ಹೌದಮ್ಮ ಅಂತ ಸಮಾಧಾನ ಮಾಡೋಕೆ ಕಾಲು ಗಂಟೆ ಹಿಡೀತು.

ಕಲ್ಲುಹುಚ್ಚ:
ನಿಮ್ಮ ಪಾಷಾಣ್ ಗುಡ್ಡವೂ ಸುಮ್ಮನೆ ಅಲ್ಲ ಸ್ವಾಮಿ. ಅಲ್ಲಿನ ಕ್ವಾರಿಯ ಅಪೊಫಿಲೈಟ್ ಅನ್ನೋ ಹಸಿರು ಹರಳು ಪ್ರಪಂಚದಲ್ಲೇ ಹೆಸರುವಾಸಿ. ಈ ಇಡೀ ಸೀಮೆ ದಖ್ಖನ್‌ನ ಲಾವಾ, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದಿದ್ದು. ದೋಸೆ ಕಾವಲಿ ಮೇಲೆ ಹಿಟ್ಟು ಹುಯ್ದಾಗ ತೂತು ಬೀಳತ್ತಲ್ಲ, ಹಾಗೆ ಲಾವಾ ಆರುವಾಗ ಅದರೊಳಗಿನ ಅನಿಲದ ಗುಳ್ಳೆ ಸಿಕ್ಕಿಕೊಂಡು ಗುಳಿಗಳಾದವು. ಆಮೇಲೆ ಆ ಗುಳಿಗಳಲ್ಲಿ ಖನಿಜ ಕರಗಿದ ಬಿಸಿನೀರು ಓಡಾಡಿ ಹರಳು ಕಟ್ಟಿದ್ದು. ಕಾವೇರಿಯವರ ಕಲ್ಲಲ್ಲಿ ನೀಲಿಯ ಕೆಳಗಿರೋ ಬಿಳಿ ಹರಳು ಬಹುಶಃ ಸ್ಟಿಲ್‌ಬೈಟ್. ಮುಂಬೈಯ ಮಲಾಡ್ ಕಡೆ ಹತ್ತಿ ಉಂಡೆಯಂಥ ಓಕೆನೈಟ್ ಸಿಗ್ತಿತ್ತು, ಈಗ ಮೇಲೆಲ್ಲ ಕಟ್ಟಡ.

ಡೊಂಬಿವಲಿ_ರಾಯರು:
ಶನಿ ದೆಸೆ ನಡೆಯುವವರು ನೀಲಿ ಕಲ್ಲನ್ನು ಮನೆಯಲ್ಲಿ ಇಡುವ ಮೊದಲು ಜಾತಕ ತೋರಿಸುವುದು ಒಳ್ಳೆಯದು. ನೀಲ ಎಲ್ಲರಿಗೂ ಆಗಿಬರುವುದಿಲ್ಲ. ದಿಂಬಿನ ಕೆಳಗೆ ಮೂರು ರಾತ್ರಿ ಇಟ್ಟು ನೋಡಿ.

ಕೆಜಿಎಫ್_ಅಂಕಲ್:
ರಾಯರೇ, ನಿಮ್ಮ ನಂಬಿಕೆಗೆ ನಾನು ಕೈ ಹಾಕಲ್ಲ. ಆದರೆ ನವರತ್ನದ ನೀಲ ಅಂದರೆ ಕುರುಂದ ಜಾತಿ, ಗಡಸುತನ 9. ಲ್ಯಾಪಿಸ್‌ಗೆ ನಮ್ಮ ಹಳೇ ಹೆಸರು ರಾಜಾವರ್ತ, 5ರಿಂದ 5.5 ಅಷ್ಟೇ. ಎರಡೂ ನೀಲಿ ಅನ್ನೋದು ಬಿಟ್ಟರೆ ಸಂಬಂಧ ಇಲ್ಲ. ಮತ್ತೆ 66 ಮಿಲಿಮೀಟರ್ ಗೋಳವನ್ನ ದಿಂಬಿನ ಕೆಳಗಿಟ್ಟರೆ ಶನಿಗಿಂತ ಮೊದಲು ಕುತ್ತಿಗೆ ಹಿಡಿಯತ್ತೆ.

ಲೋಕಲ್_ಟ್ರೇನ್_ಲಿಂಗಣ್ಣ:
ಅಂಕಲ್, ಗೋಳದ ಅಳತೆ ನಿಮಗೆ ಹೇಗೆ ಗೊತ್ತಾಯ್ತು?

ಕೆಜಿಎಫ್_ಅಂಕಲ್:
ಪಕ್ಕದಲ್ಲಿ ಟಿವಿ ರಿಮೋಟ್ ಇಟ್ಟ ಫೋಟೋ ಕಳಿಸಿದ್ದಾಳೆ. ನನಗೆ ಬೇರೆ ಕೆಲಸ ಇಲ್ಲ.

ಫೋಂಡಾ_ಪೈ:
ಗೋವಾದಿಂದ ನನ್ನದೂ ಒಂದು. ಬೀಚ್ ಹತ್ತಿರದ ಸಂತೆಯಲ್ಲಿ ಕಡುನೀಲಿ ಕಲ್ಲು, ಒಳಗೆ ನಕ್ಷತ್ರ ಚೆಲ್ಲಿದ ಹಾಗೆ ಮಿನುಗು. ‘ರಾತ್ರಿ ಆಕಾಶದ ಕಲ್ಲು’ ಅಂದಳು ಮಾರುವವಳು. ಆಮೇಲೆ ತಿಳಿದದ್ದು, ಅದು ಬ್ಲೂ ಗೋಲ್ಡ್‌ಸ್ಟೋನ್, ಅಂದರೆ ಗಾಜು. ಕಲ್ಲೇ ಅಲ್ಲ. ನನ್ನ ಹೆಂಡತಿಗೆ ಮಾತ್ರ ಬೇಜಾರೇ ಇಲ್ಲ, ಚೆನ್ನಾಗಿದೆಯಲ್ಲ ಅಂತ ದೇವರ ಕೋಣೆಯ ಪಕ್ಕ ಇಟ್ಟಿದ್ದಾಳೆ. ನನಗೂ ಈಗೀಗ ಹಾಗೇ ಅನ್ನಿಸ್ತದೆ. ಶೋಕೇಸಿಗೆ ಇಡುವುದಕ್ಕೆ ಅಸಲಿಯೇ ಆಗಬೇಕು ಅಂತ ಯಾಕೆ?

ಕಲ್ಲುಹುಚ್ಚ:
@ಪೈ ಮಾಮ್, ಗಾಜು ಅಂತ ಹೇಳಿ ಗಾಜಿನ ಬೆಲೆಗೆ ಕೊಟ್ಟರೆ ನಾನೂ ತಗೋತೀನಿ. ಲ್ಯಾಪಿಸ್ ಅಂತ ಹೇಳಿ ಬಣ್ಣದ ಕಲ್ಲು ಕೊಡೋದು ಅಲಂಕಾರ ಅಲ್ಲ, ಕಳ್ಳತನ.

ಸಾಣೆಕಲ್ಲು:
ಅಲ್ಲೇ ನಿಮ್ಮದೂ ನನ್ನದೂ ಜಗಳ. ಅಗೇಟ್‌ಗೆ ಬಣ್ಣ ಕುಡಿಸೋದು ಜರ್ಮನಿಯ ಇಡಾರ್-ಒಬರ್‌ಸ್ಟೈನ್‌ನಲ್ಲಿ ಹತ್ತೊಂಬತ್ತನೇ ಶತಮಾನದಿಂದ ನಡೆದು ಬಂದ ಕಸುಬು. ಮೊದಲು ಒಂದು ಲವಣದ ದ್ರಾವಣದಲ್ಲಿ ನೆನೆಹಾಕಿ, ಆಮೇಲೆ ಕಬ್ಬಿಣದ ಲವಣದಲ್ಲಿ ಅದ್ದಿದರೆ ಕಲ್ಲಿನ ಸೂಕ್ಷ್ಮ ರಂಧ್ರಗಳ ಒಳಗೇ ಪ್ರಶ್ಯನ್ ನೀಲಿ ಹುಟ್ಟತ್ತೆ. ಅದು ತೊಳೆದರೂ ಹೋಗಲ್ಲ. ಕಾವೇರಿ ಮೇಡಂ ಬಿಲ್ಲೆ ಅಂಥದ್ದೇ ಇರಬೇಕು. ಅದು ಮೋಸವಾ? ಎಲ್ಲರಿಗೂ ಗೊತ್ತಿರೋ ವಿಷಯ ಅದು, ಅಷ್ಟು ಕಡುನೀಲಿ ಅಗೇಟ್ ಭೂಮಿಯಿಂದ ಬರಲ್ಲ.

ಕಲ್ಲುಹುಚ್ಚ:
‘ಎಲ್ಲರಿಗೂ ಗೊತ್ತಿರೋ’ ವಿಷಯ ಕಾವೇರಿಯವರಿಗೆ ಗೊತ್ತಿತ್ತಾ ಕೇಳಿ.

ಕೋಥ್ರೂಡ್_ಕಾವೇರಿ:
ಗೊತ್ತಿರಲಿಲ್ಲ 😐

ಸಾಣೆಕಲ್ಲು:
ಸರಿ, ಒಪ್ಪಿದೆ. ಚೀಟಿಯಲ್ಲಿ ಬರೆಯಬೇಕು.

ಸಸೂನ್_ಸಿಸ್ಟರ್:
ನೀವಿಬ್ಬರೂ ಹೊಳಪಿನ ಮೇಲೇ ಜಗಳ ಆಡ್ತಿದ್ದೀರಿ, ಧೂಳಿನ ಮಾತೇ ಬರಲಿಲ್ಲ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಸಾಣೆ ಹಿಡಿಯೋ ಮನೆಮನೆಯಲ್ಲೂ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ. ಒಣ ಸಾಣೆಯ ಧೂಳು ಒಳಗೆ ಹೋಗಿ ಕೂತರೆ ಮತ್ತೆ ವಾಪಸ್ ಬರಲ್ಲ. ಸಾಣೆಕಲ್ಲು ಅಣ್ಣ, ನೀವು ನೀರು ಹಾಕಿ ತಿಕ್ಕುತ್ತೀರಿ ತಾನೇ?

ಸಾಣೆಕಲ್ಲು:
ನೀರು ಹಾಕ್ತೀನಿ ಸಿಸ್ಟರ್, ಮುಖಕ್ಕೆ ಫಿಲ್ಟರ್ ಮಾಸ್ಕೂ ಇದೆ. 80ರ ಸಾಣೆ ಪುಡಿಯಿಂದ ಶುರು (ಅಂಕಿ ಹೆಚ್ಚಿದಷ್ಟೂ ಪುಡಿ ನುಣ್ಣಗೆ), 220, 400, 600, 1000, ಕೊನೆಗೆ ಚರ್ಮದ ಮೇಲೆ ಸೀರಿಯಂ ಆಕ್ಸೈಡ್ ಅನ್ನೋ ಪಾಲಿಶ್ ಪುಡಿ. ಪ್ರತಿ ಹಂತಕ್ಕೂ ಕೈ, ಕಲ್ಲು, ಟೇಬಲ್ಲು ಎಲ್ಲಾ ತೊಳೀಬೇಕು. 80ರ ಒಂದೇ ಒಂದು ಕಣ 1000ರ ಬಟ್ಟೆಗೆ ಬಂದರೆ ಮೂರು ದಿನದ ಕೆಲಸ ಹಾಳು. ಅಜುರೈಟ್, ಮಲಕೈಟ್‌ನಂಥ ತಾಮ್ರದ ಕಲ್ಲು ಯಾರಾದರೂ ತಂದರೆ ಮನೆಯಲ್ಲಿ ಮಾಡಲ್ಲ, ಆ ಧೂಳು ಇನ್ನೂ ಕೆಟ್ಟದ್ದು.

ವಾಘೋಲಿ_ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ವಾಘೋಲಿ ಹೆಸರು ನೋಡಿ ಬರ್ಯಾಕ ಹತ್ತೀನಿ. ನಮ್ಮಪ್ಪ ಇಂಡಿ ತಾಲೂಕಿನಾಂವ. ಬರ ಬಿದ್ದಾಗ ಗುಳೇ ಬಂದು ವಾಘೋಲಿ ಖಾಣ್ಯಾಗ ಕೆಲಸಕ್ಕ ನಿಂತಾಂವ, ನಾ ಹುಟ್ಟಿದ್ದೂ ಅಲ್ಲೇ ಪತ್ರಾ ಶೆಡ್ಡಿನ್ಯಾಗ. ಕಲ್ಲ ಒಡಿಯಾಕ ಸುರಂಗದ ಮದ್ದು ಹಚ್ಚಿದ ಮ್ಯಾಲ ಹೊಗಿ ಇಳಿಯೂತನಾ ಎಲ್ಲಾರೂ ದೂರ ನಿಂದರತಿದ್ರು. ಹೊಗಿ ಇಳದ ಕೂಡಲೇ ಅಪ್ಪ ಮೊದಲ ನೋಡತಿದ್ದುದು ಕಲ್ಲಿನ ಗಾತ್ರ ಅಲ್ರಿ, ಒಡದ ಬಾಯಾಗ ನೀಲಿ ಐತೇನಂತ.

ಎಲ್ಲಾ ಕಡೆ ಸಿಗ್ತಿರಲಿಲ್ಲ. ಒಮ್ಮೆ ಕಂಡ್ರ ಅದೇ ಪಟ್ಟಿಯೊಳಗ ನಾಕ ದಿನ ಕಾಣ್ತಿತ್ತು, ಆಮ್ಯಾಲ ತಿಂಗಳಗಟ್ಲೆ ಇಲ್ಲ. ಕ್ರಷರಿಗೆ ಹೋದದ್ದೆಷ್ಟೋ ದೇವರಿಗೇ ಗೊತ್ತು. ಜಲ್ಲಿ ಆಗಿ ರಸ್ತಾಕ್ಕ ಬಿದ್ದಾವ. ಖರೇನ ಹೇಳ್ತೀನ್ರಿ, ನಗರ ರೋಡಿನ್ಯಾಗ ಗಾಡಿ ಹೊಡಿಯೂಮುಂದ ಒಮ್ಮೊಮ್ಮೆ ಅನಸ್ತೈತಿ, ಕೆಳಗ ಎಷ್ಟ ನೀಲಿ ಐತೋ ಏನೋ.

ಕೊಳ್ಳಾಕ ಬರೋರು ಕಲ್ಲು ನೋಡಿ ಮಾರಿ ಸಣ್ಣ ಮಾಡತಿದ್ರು, ಅಂದ್ರ ಏನೂ ಬೆಲಿ ಇಲ್ಲದವರಂಗ. ಅಪ್ಪಗ ಒಮ್ಮೆ ಒಂದು ತೆಂಗಿನಕಾಯಿ ಗಾತ್ರದ್ದಕ್ಕ ಎರಡ ನೂರ ರೂಪಾಯಿ ಕೊಟ್ಟಿದ್ರು, ಅವತ್ತ ಮನಿಯಾಗ ಹೋಳಿಗಿ. ಅದು ಮುಂದ ಎಷ್ಟಕ್ಕ ಹೋತು ಅಂತ ಕೇಳಬ್ಯಾಡ್ರಿ, ನಮಗೂ ಗೊತ್ತಿಲ್ಲ.

ಕೋಥ್ರೂಡ್_ಕಾವೇರಿ:
ಇದನ್ನ ಓದಿ ಆ ಡಬ್ಬ ಮತ್ತೆ ತೆಗೆದು ನೋಡಿದೆ. 600 ರೂಪಾಯಿಗೆ ತಿಕ್ಕಿಸೋಕೆ ಹೊರಟಿದ್ನಲ್ಲ ಅಂತ ಕೈ ನಡುಗ್ತು. ಅಣ್ಣ, ನಿಮ್ಮ ಮನೆಯಲ್ಲಿ ಒಂದಾದರೂ ಉಳಿದಿದೆಯಾ?

ವಾಘೋಲಿ_ಹುಡುಗ:
ಒಂದ ಐತ್ರಿ ಅಕ್ಕಾರ. ಅವ್ವ ಜಗಲಿ ಮ್ಯಾಲ ಯಲ್ಲಮ್ಮನ ಮುಂದ ಇಟ್ಟಾಳ. ಹುಣವಿಗೊಮ್ಮೆ ಕುಂಕಮ ಹಚ್ಚತಾಳ. ಹಿಂಗಾಗಿ ನೀಲಿ ಅರ್ಧ ಕೆಂಪ ಆಗೇತಿ.

ಕಲ್ಲುಹುಚ್ಚ:
ಅಯ್ಯೋ, ಕುಂಕುಮ ಆ ಸೂಜಿಗಳ ಸಂದಿಗೆ ಹೋದ್ರೆ ತೆಗೆಯೋಕಾಗಲ್ಲ! ಕಲ್ಲಿನ ಬೆಲೆಯೇ ಹೋಯ್ತು. ಅಮ್ಮನಿಗೆ ಹೇಳಿ, ಪಕ್ಕಕ್ಕೆ ಹಚ್ಚಲಿ.

ವಾಘೋಲಿ_ಹುಡುಗ:
ನೀವ ಬಂದು ಹೇಳ್ರಿ ಅಣ್ಣಾರ. ನಾ ಒಲ್ಲೆ.

ಸಸೂನ್_ಸಿಸ್ಟರ್:
😂😂 ಹುಚ್ಚರೇ, ಅದು ಮಾರೋ ಕಲ್ಲಲ್ಲ, ಬಿಡಿ.

ಕೋಥ್ರೂಡ್_ಕಾವೇರಿ:
ಶನಿವಾರದ ವರದಿ. ಅಂಕಲ್ ಹೇಳಿದ ಹಾಗೆ ಸ್ಟೂಲ್ ಮೇಲೆ ತೂಕದ ಯಂತ್ರ, ಅದರ ಮೇಲೆ ಸಾರಿನ ಪಾತ್ರೆ. ಗೋಳಕ್ಕೆ ದಾರ ನಿಲ್ಲಲೇ ಇಲ್ಲ, ಜಾರಿ ಜಾರಿ ಬೀಳತ್ತೆ. ಕೊನೆಗೆ ಈರುಳ್ಳಿ ಬರೋ ಬಲೆ ಚೀಲದ ತುಂಡಲ್ಲಿ ಕಟ್ಟಿದೆ. ನಮ್ಮವರು ಬಾಗಿಲಲ್ಲಿ ನಿಂತು ವಿಡಿಯೋ ಮಾಡಿದ್ದಾರೆ, ಯಾರಿಗೆ ಕಳಿಸಿದ್ದಾರೋ.

ಗೋಳ: 386 ಗ್ರಾಂ, ನೀರಲ್ಲಿ 152. ಅಂದರೆ 2.54.
ಮೊಟ್ಟೆ: 118ಕ್ಕೆ 46, 2.56ರ ಹತ್ತಿರ.
ಸೋಡಲೈಟ್ ಹೃದಯ: 94ಕ್ಕೆ 41, 2.29.
ಲೈಟ್ ಕಲ್ಲು: 243ಕ್ಕೆ 90, ಸರಿಯಾಗಿ 2.7.

ಉಗುರು ಬಣ್ಣ ತೆಗೆಯೋ ಅಸಿಟೋನ್ ಹತ್ತಿಗೆ ಹಾಕಿ ಒರೆಸಿದ್ದೂ ಆಯ್ತು. ಗೋಳಕ್ಕೆ ಮುಟ್ಟಿಸಿದ ಹತ್ತಿ ಕಡುನೀಲಿ. ಮೊಟ್ಟೆಯದ್ದು ತಿಳಿನೀಲಿ. ಹೃದಯ ಒರೆಸಿದ ಹತ್ತಿ ಬೆಳ್ಳಗೇ ಇದೆ.

ಕೆಜಿಎಫ್_ಅಂಕಲ್:
ಶಭಾಷ್! ಇಷ್ಟು ಅಚ್ಚುಕಟ್ಟಾಗಿ ನಮ್ಮ ಟ್ರೈನಿಗಳೂ ಬರೀತಿರಲಿಲ್ಲ. ಸೋಡಲೈಟ್ ಅಸಲಿ. ಮನೆಯಲ್ಲಿ ನೋಟು ಪರೀಕ್ಷೆ ಮಾಡೋ ನೇರಳೆ ಟಾರ್ಚ್ ಇದ್ದರೆ ಕತ್ತಲಲ್ಲಿ ಬಿಟ್ಟು ನೋಡು, ಕೆಲವು ಸೋಡಲೈಟ್ ಕೆಂಡದ ಥರ ಕಿತ್ತಳೆ ಬಣ್ಣ ತೋರಿಸತ್ತೆ. ತೋರಿಸದಿದ್ದರೂ ನಕಲಿ ಅಂತಲ್ಲ.

ಗೋಳ ಮತ್ತು ಮೊಟ್ಟೆ ಎರಡೂ ಒಂದೇ ತಾಯಿ ಮಕ್ಕಳು ಅನ್ನಿಸತ್ತೆ. ಹೌಲೈಟ್ ಅನ್ನೋ ಬಿಳೀ ಕಲ್ಲು, ಸಾಂದ್ರತೆ 2.5ರ ಮೇಲೆ ಸ್ವಲ್ಪ, ಮೈಮೇಲೆ ಹುಟ್ಟಿನಿಂದಲೇ ಕಪ್ಪು ಬೂದು ಗೆರೆ. ತಿಳಿನೀಲಿ ಕುಡಿಸಿದರೆ ಟರ್ಕಾಯ್ಸ್, ಕಡುನೀಲಿ ಕುಡಿಸಿದರೆ ಲ್ಯಾಪಿಸ್. ಖಾತ್ರಿಗೆ ತಳಭಾಗದಲ್ಲಿ ಕಾಣದ ಜಾಗಕ್ಕೆ ಚಾಕುವಿನ ಮೊನೆ ತಾಗಿಸು. ಸುಲಭಕ್ಕೆ ಗೀರಿ ಒಳಗೆ ಬಿಳಿ ಕಂಡರೆ ಅನುಮಾನವೇ ಬೇಡ. ಬಣ್ಣದ ಅಗೇಟ್ ಆಗಿದ್ದರೆ ಚಾಕು ಜಾರತ್ತೆ, ಗೀರಲ್ಲ.

ಕೋಥ್ರೂಡ್_ಕಾವೇರಿ:
ಗೀರಿತು. ಒಳಗೆ ಬಿಳಿ. ಕೊಬ್ಬರಿ ಸುಲಿದ ಹಾಗೆ.

ಲೋಕಲ್_ಟ್ರೇನ್_ಲಿಂಗಣ್ಣ:
ಬಿಲ್ ಇದೆಯಾ? ‘ಲ್ಯಾಪಿಸ್’ ಅಂತ ಬರೆದಿದ್ದಾನಾ? ಬರೆದಿದ್ದರೆ ವಾಪಸ್ ಕೇಳಿ, ಬಿಡಬೇಡಿ.

ಕೋಥ್ರೂಡ್_ಕಾವೇರಿ:
ಬಿಲ್ ಇದೆ. ‘ಸ್ಟೋನ್ – 5 ಪೀಸ್’ ಅಂತ ಬರೆದಿದ್ದಾನೆ.

ಲೋಕಲ್_ಟ್ರೇನ್_ಲಿಂಗಣ್ಣ:
ಬುದ್ಧಿವಂತ.

ಪಿಂಪ್ರಿ_ಪ್ರಸನ್ನ:
ಒಂದು ಅನುಮಾನ. ನನ್ನಜ್ಜಿ ಪಂಚೆಗೆ ಹಾಕ್ತಿದ್ದ ನೀಲಿ ಪುಡಿ ಇತ್ತಲ್ಲ, ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಅದ್ದೋದು. ಗೋಳಕ್ಕೆ ಹಚ್ಚಿದ್ದು ಅದೇ ಇರಬಹುದಾ?

ಕೆಜಿಎಫ್_ಅಂಕಲ್:
ಅದಲ್ಲ ಪ್ರಸನ್ನ, ಅದು ಅಸಿಟೋನ್‌ಗೆ ಕರಗಲ್ಲ. ಆದರೆ ನೀನು ಗೊತ್ತಿಲ್ಲದೇ ಒಳ್ಳೇ ಜಾಗಕ್ಕೆ ಕೈ ಹಾಕಿದ್ದೀಯ. ಆ ಪುಡಿ ನೀಲಿಯೂ ಲ್ಯಾಪಿಸ್‌ನ ನೀಲಿಯೂ ಒಳಗೆ ಒಂದೇ! ಹಿಂದೆ ಯುರೋಪಿನ ಚಿತ್ರಕಾರರು ಅಫ್ಘಾನಿಸ್ತಾನದ ಬದಖ್‌ಶಾನ್‌ನ ಲ್ಯಾಪಿಸ್ ಅರೆದು ಅಲ್ಟ್ರಾಮರೀನ್ ಅನ್ನೋ ಬಣ್ಣ ತೆಗೀತಿದ್ದರು, ಚಿನ್ನದ ಬೆಲೆ. 1820ರ ದಶಕದಲ್ಲಿ ಅದನ್ನ ಕುಲುಮೆಯಲ್ಲಿ ತಯಾರಿಸೋ ವಿದ್ಯೆ ಸಿಕ್ಕಿತು. ಬೆಲೆ ಇಳೀತಾ ಇಳೀತಾ ನಿಮ್ಮಜ್ಜಿಯ ಬಕೆಟ್‌ಗೆ ಬಂತು. ರಾಜರ ಬಣ್ಣ ಅಜ್ಜನ ಪಂಚೆಗೆ.

ಶಿರಸಿ_ಅಡಿಕೆ:
ಹಾಗಾದ್ರೆ ಆಯಿ ಹತ್ರ ಅಲ್ಟ್ರಾಮರೀನೂ ಇತ್ತು, ಮೈಲುತುತ್ತವೂ ಇತ್ತು. ನಾನು ಪುಣೆಗೆ ಬಂದಿದ್ದೇ ದಂಡ.

ಮಾಟುಂಗಾ_ಮಾಮಿ:
ಮಳೆಗಾಲದಲ್ಲಿ ಈ ಕಲ್ಲುಗಳಿಗೆ ಬೂಷ್ಟು ಹಿಡಿಯತ್ತಾ? ನಮ್ಮ ಮನೆಯಲ್ಲಿ ಚಪ್ಪಲಿಯಿಂದ ಹಿಡಿದು ಹಪ್ಪಳದವರೆಗೆ ಎಲ್ಲಕ್ಕೂ ಹಿಡಿಯತ್ತೆ.

ಕಲ್ಲುಹುಚ್ಚ:
ಕಲ್ಲಿಗೆ ಹಿಡಿಯಲ್ಲ ಮಾಮಿ, ಕೆಳಗೆ ಹಾಸಿದ ವೆಲ್ವೆಟ್‌ಗೆ ಹಿಡಿಯತ್ತೆ. ಬಟ್ಟೆ ಬೇಡ, ಅಕ್ರಿಲಿಕ್ ಸ್ಟ್ಯಾಂಡ್ ಇಡಿ.

ಕಾವೇರಿಯವರೇ, ಕ್ಯಾವನ್ಸೈಟ್‌ಗೆ ಬೇರೆ ಉಪಚಾರ. ಬಿಸಿನೀರು ಬೇಡ, ಸಾಬೂನು ಬೇಡ, ನಿಂಬೆ ವಿನೆಗರ್ ಏನೂ ಬೇಡ. ಧೂಳು ತೆಗೆಯೋಕೆ ಕ್ಯಾಮೆರಾಗೆ ಗಾಳಿ ಊದೋ ರಬ್ಬರ್ ಬುಗ್ಗೆ ಇರತ್ತಲ್ಲ, ಅದರಿಂದ ದೂರದಿಂದ ಊದಿ. ಕಪಾಟಿನಲ್ಲಿ ಹಳೇ ಕಾಲದ ಬಿಸಿಯಾಗೋ ಬಲ್ಬ್ ಇದ್ದರೆ ತೆಗೆದು ಎಲ್‌ಇಡಿ ಹಾಕಿಸಿ. ಸ್ಟಿಲ್‌ಬೈಟ್ ಒಳಗೆ ನೀರಿನಂಶ ಇರತ್ತೆ, ಕಾಯಿಸಬಾರದು. ಉಂಡೆಯನ್ನ ಬೆರಳಲ್ಲಿ ಮುಟ್ಟಬೇಡಿ, ಉದುರಿದರೆ ಅಂಟಿಸಿದ್ದು ಕಂಡೇ ಕಾಣತ್ತೆ. ಆ ಪೆನ್ಸಿಲ್ ಬರೆದ ಪೇಪರನ್ನೂ ಎಸೀಬೇಡಿ. ಎಲ್ಲಿಂದ ಬಂತು ಅನ್ನೋ ಚೀಟಿ ಇಲ್ಲದ ಕಲ್ಲು ಅರ್ಧ ಕಲ್ಲು.

ಒಂದು ಭಾನುವಾರ ಸಿನ್ನರ್‌ನ ಗಾರ್ಗೋಟಿ ಮ್ಯೂಸಿಯಂಗೆ ಹೋಗಿ ಬನ್ನಿ, ನಾಸಿಕ್ ದಾರಿಯಲ್ಲಿ. ದಖ್ಖನ್ ಹರಳು ಅಂದ್ರೆ ಏನು ಅಂತ ಅಲ್ಲಿ ನೋಡಬೇಕು.

ಸಾಣೆಕಲ್ಲು:
ನನ್ನ ಕಡೆಯಿಂದ ಒಂದು: ಆ ಬಣ್ಣದ ಗೋಳ ತಂದುಕೊಡಿ ಮೇಡಂ. ಅರ್ಧಕ್ಕೆ ಕೊಯ್ದು, ಕೊಯ್ದ ಮುಖ ಪಾಲಿಶ್ ಮಾಡಿಕೊಡ್ತೀನಿ, ದುಡ್ಡು ಬೇಡ. ಹೊರಗೆ ನೀಲಿ ಸಿಪ್ಪೆ, ಒಳಗೆ ಬಿಳಿ. ಕಪಾಟಿನಲ್ಲಿ ಅದೂ ಇರಲಿ, ಬಂದವರಿಗೆ ತೋರಿಸೋಕೆ.

ಕಲ್ಲುಹುಚ್ಚ:
ಇವತ್ತು ಮೊದಲ ಸಲ ನಿಮ್ಮ ಪಾಲಿಶ್‌ಗೆ ನನ್ನ ಸಂಪೂರ್ಣ ಬೆಂಬಲ.

ಡೊಂಬಿವಲಿ_ರಾಯರು:
ಒಂದು ಮಾತು. ಆ ಡಬ್ಬ ಹಳೆಯ ಮಾಲೀಕರದ್ದಲ್ಲವೇ? ಅವರನ್ನು ಕೇಳಿದಿರಾ? ಇಷ್ಟು ಜನ ಬೆಲೆ, ಬೂಷ್ಟು, ಬಲ್ಬು ಎಲ್ಲವನ್ನೂ ಚರ್ಚಿಸಿದಿರಿ.

ಕೋಥ್ರೂಡ್_ಕಾವೇರಿ:
ರಾಯರೇ, ನಿಜಕ್ಕೂ ಹೊಳೆದಿರಲಿಲ್ಲ. ಈಗಷ್ಟೇ ಫೋನ್ ಮಾಡಿದೆ. ಕಾಕಾಗೆ ಎಂಬತ್ತರ ಮೇಲೆ. ಮಗ ಶಾಲೆಯಲ್ಲಿದ್ದಾಗ ಸ್ಕೂಟರ್‌ನಲ್ಲಿ ವಾಘೋಲಿ ಕಡೆ ಕರ್ಕೊಂಡು ಹೋಗಿದ್ದರಂತೆ, ಖಾಣಿ ಹತ್ತಿರ ಒಬ್ಬ ಕೆಲಸಗಾರನ ಹತ್ತಿರ ತಗೊಂಡಿದ್ದಂತೆ. ಮಗ ಈಗ ಕೆನಡಾದಲ್ಲಿ. ‘ಅವನಿಗೆ ಬೇಡ, ನನಗೆ ಕಣ್ಣು ಕಾಣಲ್ಲ, ನೀನೇ ಇಟ್ಕೋ, ತೊಳೀಬೇಡ ಮಾತ್ರ’ ಅಂದ್ರು.

ವಾಘೋಲಿ_ಹುಡುಗ:
ಅಕ್ಕಾರ, ಆ ಕಲ್ಲ ತಿರುವಿ ಹಾಕಿ ಹಿಂದಿನ ಬಾಜು ನೋಡ್ರಿ. ಉಳಿ ಗುರ್ತು ಐತೇನು?

ಕೋಥ್ರೂಡ್_ಕಾವೇರಿ:
ಇದೆ ಅಣ್ಣ. ಎರಡು ಇವೆ. ಒಂದು ಆಳ, ಇನ್ನೊಂದು ಬರೀ ತಾಗಿದ ಹಾಗೆ.

ವಾಘೋಲಿ_ಹುಡುಗ:
ಕೈಲೇ ಬಿಡಿಸಿದ್ದು ಹಂಗಾರ. ಮೊದಲನೇ ಏಟಿಗೆ ಕಲ್ಲ ಬಿಟ್ಟಿರ್ತೈತ್ರಿ, ಎರಡನೇದ್ದು ಹೊಡದಾಂವ ಕೈ ಹಿಡಿದು ಹೊಡದಾನ. ನೀಲಿ ಉದರೀತಂತ ಹೆದರಿರಬೇಕು. ಅಪ್ಪನೂ ಹಂಗ ಮಾಡತಿದ್ದ, ಕೆಳಗ ಗೋಣಿಚೀಲ ಹಾಸಿ, ಉಸರ ಬಿಗಿ ಹಿಡಕೊಂಡು.